ಉರುಕುಂದಮ್ಮ ಮತ್ತು ಕರೆಂಟ್ ಎಂಬ ಮಾತು

ನಮ್ಮ ಕಡೆ ಕರೆಂಟ್ ಹೋಯಿತು ಎಂದರೆ ಫ್ಯಾನ್ ನಿಂತಿತು ಎಂದರ್ಥ. ಕರೆಂಟ್ ಹೊಡೆಯಿತು ಎಂದರೆ ಹೊಲದ ಮೋಟರ್ ಹತ್ತಿರ ಯಾರೋ ಬಿದ್ದರು ಎಂದರ್ಥ. ಆದರೆ ಕರೆಂಟ್ ಇಟ್ಟರು ಎಂದರೆ ಕೇಳಿದವರು ದನಿ ತಗ್ಗಿಸುತ್ತಾರೆ. ಕ್ಯಾನ್ಸರ್ ಆದವರಿಗೆ ದೊಡ್ಡ ಆಸ್ಪತ್ರೆಯಲ್ಲಿ ಕಿರಣ ಬಿಟ್ಟು ಗಡ್ಡೆ ಸುಡುತ್ತಾರಲ್ಲ, ಅದಕ್ಕೆ ಆಂಧ್ರದ ಗಡಿಯ ನಮ್ಮೂರು ಹೊಳಗುಂದದಿಂದ ಆದೋನಿವರೆಗೂ ಇರುವ ಹೆಸರು ಅದೊಂದೇ. ತೆಲುಗಿನವರು ಕೂಡ ‘ಕರೆಂಟ್ ಪೆಟ್ಟಿನಾರು’ ಎನ್ನುತ್ತಾರೆ. ಈ ಒಂದು ಮಾತು ನಮ್ಮ ಓಣಿಯ ಉರುಕುಂದಮ್ಮನ ಮನೆಯನ್ನು ಹಾಳು ಮಾಡಿತು. ಅದನ್ನು ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ, ಯಾರ ಮೇಲೆ ಅಂತ ತಿಳಿಯುವುದಿಲ್ಲ.

ಉರುಕುಂದಮ್ಮ ಕುರಿ ಹಿಂಡಿನ ಮಲ್ಲಯ್ಯನ ಹೆಂಡತಿ. ನಾನು ಹೇಮಾವತಿ, ಹತ್ತಿ ವ್ಯಾಪಾರದ ಮನೆಯ ಸೊಸೆ. ಇಬ್ಬರ ಹಿತ್ತಲಿಗೂ ನಡುವೆ ಇರುವುದು ಎದೆಮಟ್ಟದ ಒಂದು ಗೋಡೆ. ಆ ಗೋಡೆಯ ಮೇಲಿಂದಲೇ ನಮ್ಮ ಸಂಸಾರಗಳು ಅರ್ಧ ನಡೆದದ್ದು. ಅವಳ ನಾಲಿಗೆಗೆ ಎಲುಬಿರಲಿಲ್ಲ. ಸಾರು ಕೊಟ್ಟರೆ ಬಟ್ಟಲು ವಾಪಸು ಕೊಡುವಾಗ, “ಹೇಮಕ್ಕಾ, ನಿಮ್ಮ ಸಾರು ಬಾಳ ಮಡಿ ಐತಿ, ಖಾರ ಮುಟ್ಟಿಸಿಕೊಂಡಿಲ್ಲ” ಎನ್ನುತ್ತಿದ್ದಳು. ಗಂಡ ಕುರಿ ಹಿಂದೆ ತಿಂಗಳುಗಟ್ಟಲೆ ತುಂಗಭದ್ರೆ ಕಡೆ ಹೋದರೆ, ಇಲ್ಲಿ ಮರಿಗಳನ್ನೂ ಮಗಳನ್ನೂ ಮುದಿ ಅತ್ತೆಯನ್ನೂ ಒಬ್ಬಳೇ ಸಂಭಾಳಿಸುತ್ತಿದ್ದಳು. ತೋಳ ಬಂದರೂ ದೊಣ್ಣೆ ಹಿಡಿದು ನಿಲ್ಲುವ ಹೆಂಗಸು.

ಅವಳ ಎರಡೂ ಮುಂಗೈ ಮೇಲೆ ಬರೆಯ ಗುರುತುಗಳಿದ್ದವು. ಸಣ್ಣವಳಿದ್ದಾಗ ಕಾಮಾಲೆ ಆಗಿತ್ತಂತೆ, ಹಿರಿಯರು ಕಬ್ಬಿಣ ಕಾಯಿಸಿ ಬರೆ ಹಾಕಿದ್ದರು. ಮುಂದೆ ಮಗಳು ಭುವನಾಗೂ ಕಣ್ಣು ಹಳದಿಯಾದಾಗ ಅತ್ತೆ ಬಸವಕ್ಕ ಒಲೆಯೊಳಗೆ ಕುಡುಗೋಲು ಇಟ್ಟಳು. ಉರುಕುಂದಮ್ಮ ಮಗಳನ್ನು ಬೆನ್ನ ಹಿಂದೆ ಮಾಡಿ ಬಾಗಿಲಲ್ಲಿ ನಿಂತಳು. “ನನ್ನ ಸುಟ್ಟಿದ್ದ ಸಾಕು. ಈಕಿ ಮೈ ಮುಟ್ಟಿದ್ರ ಅದ ಕುಡುಗೋಲು ನಿನ್ನ ಕೈಗೆ ಇಟ್ಟೇನು ನೋಡತ್ತಿ” ಎಂದಳು. ಸೊಸೆ ಅತ್ತೆಗೆ ಹಾಗೆ ಅನ್ನುವುದುಂಟೇ? ಓಣಿ ಎಲ್ಲ ಬಂದು ಬುದ್ಧಿ ಹೇಳಿತು. ಅವಳು ಯಾರ ಮಾತೂ ಕೇಳದೆ ಮಗಳನ್ನು ಎತ್ತಿಕೊಂಡು ಬಸ್ಸು ಹತ್ತಿ ಆದೋನಿಗೆ ಹೋದಳು. ಡಾಕ್ಟರು ಸಲೈನ್ ಹಾಕಿದರು, ಔಷಧಿ ಕೊಟ್ಟರು, ಭುವನಾ ಉಳಿದಳು. ಆಮೇಲೆ ನಮ್ಮ ಓಣಿಯಲ್ಲಿ ಯಾವ ಕೂಸಿಗೂ ಬರೆ ಬೀಳಲಿಲ್ಲ. ಅದು ಉರುಕುಂದಮ್ಮನ ಪುಣ್ಯ ಅಂತ ನಾನು ಎಲ್ಲರ ಎದುರಿಗೂ ಹೇಳುತ್ತಿದ್ದೆ.

ಅವಳ ಅಕ್ಕ ಮಲ್ಲೇಶ್ವರಿಯನ್ನು ಕೌತಾಳಂ ಕಡೆ ಕೊಟ್ಟಿದ್ದರು. ಮಲ್ಲೇಶ್ವರಿಗೆ ಗರ್ಭಕೋಶದಲ್ಲಿ ಗಡ್ಡೆ ಆಯಿತು. ನಾಚಿಕೆಗೆ ಬಚ್ಚಿಟ್ಟುಕೊಂಡು, ನಡೆಯಲು ಆಗದಂತಾದ ಮೇಲೆ ಹೇಳಿದಳು. ದೂರದ ಊರಿನ ಆಸ್ಪತ್ರೆಯಲ್ಲಿ ಕರೆಂಟ್ ಇಟ್ಟರು. ಜೊತೆಗಿದ್ದವಳು ಉರುಕುಂದಮ್ಮ. ಅಕ್ಕನ ಹೊಟ್ಟೆಯ ಕೆಳಗಿನ ಚರ್ಮ ಕಪ್ಪಾಗಿ ಸುಲಿದದ್ದನ್ನು, ನೀರು ಕುಡಿದರೂ ಕಕ್ಕಿದ್ದನ್ನು ಕಣ್ಣಾರೆ ನೋಡಿದಳು. ಆಗ ಇನ್ನೂ ಲಂಗ ಹಾಕುತ್ತಿದ್ದ ಭುವನಾ ಕೂಡ ನೋಡಿದಳು. ಮಲ್ಲೇಶ್ವರಿಯನ್ನು ಕೊಂದದ್ದು ರೋಗ. ಬೇಗ ಹೋಗಿದ್ದರೆ ಅದೇ ಕರೆಂಟ್ ಅವಳನ್ನು ಉಳಿಸುತ್ತಿತ್ತೋ ಏನೋ. ಆದರೆ ಹೆಣ ತೊಳೆದವರಿಗೆ ಯಾರು ಅದನ್ನು ಹೇಳಬೇಕು? “ನಮ್ಮಕ್ಕಗ ಬದುಕಿದ್ದಾಗನ ಕೊಳ್ಳಿ ಇಟ್ರು” ಎಂದು ಉರುಕುಂದಮ್ಮ ಗೋಡೆಗೆ ಒರಗಿ ಅತ್ತಿದ್ದಳು.

ಭುವನಾಳನ್ನು ಆದೋನಿಯಲ್ಲಿ ಲಾರಿ ಓಡಿಸುವ ಸುಂಕೇಶನಿಗೆ ಕೊಟ್ಟರು. ಹೆಣ್ಣು ಮಗು ಹುಟ್ಟಿತು. ಗಂಗೋತ್ರಿ ಎಂದು ಹೆಸರು ಹುಡುಕಿಕೊಟ್ಟವಳು ನಾನು. ಉರುಕುಂದಮ್ಮನ ಬಾಯಿಗೆ ಬಿದ್ದು ಅದು ಗಂಗಿ ಆಯಿತು. ಇಷ್ಟು ದೊಡ್ಡ ನೋಟಿನಂಥ ಹೆಸರು ಕೊಟ್ಟರೆ ಚಿಲ್ಲರೆ ಮಾಡಿಬಿಟ್ಟೆಯಲ್ಲೇ ಎಂದು ನಾನು ಬೈದರೆ, “ಕೂಸು ಚಿಲ್ಲರಿ ಐತಿ, ಹೆಸರೂ ಚಿಲ್ಲರಿ ಸಾಕು” ಎಂದು ನಕ್ಕಳು. ರಜೆ ಬಂದರೆ ಗಂಗಿ ಹೊಳಗುಂದದಲ್ಲೇ. ಅಜ್ಜಿಗೆ ತಕ್ಕ ಮೊಮ್ಮಗಳು, ಬಾಯಿ ಅಷ್ಟೇ ಜೋರು. ಗೋಡೆ ಹತ್ತಿ ಕುಳಿತು, “ಹೇಮಜ್ಜಿ, ಏನ್ ಮಾಡೀಯ ಇವತ್ತು?” ಎಂದು ನನ್ನ ಒಲೆಯ ವಿಚಾರಣೆ ಮಾಡುತ್ತಿದ್ದಳು.

ಅದು ದಸರಾ ರಜೆ. ಬಿಡಿಸಿ ತಂದ ಹತ್ತಿ ಮನೆಮನೆಯಲ್ಲೂ ಗುಡ್ಡೆ ಬಿದ್ದಿತ್ತು. ಮಕ್ಕಳಿಗೆ ಅಟ್ಟದಿಂದ ಹತ್ತಿಯ ಮೇಲೆ ಹಾರುವುದು ಆಟ. ನಾವೂ ಹಾರಿದವರೇ. ಒಂದು ಬೆಳಿಗ್ಗೆ ಗಂಗಿ ಹಾರಿದಳು, ಗುಡ್ಡೆ ತಪ್ಪಿ ಕಲ್ಲುಬಂಡೆಯ ನೆಲಕ್ಕೆ ಬಿದ್ದಳು. ಕಿವಿಯ ಮೇಲೆ ಪೆಟ್ಟು. ಸ್ವಲ್ಪ ಹೊತ್ತು ಎಚ್ಚರ ತಪ್ಪಿತು. ಆಮೇಲೆ ಕಣ್ಣು ಬಿಟ್ಟು ಅತ್ತಳು, ವಾಂತಿ ಮಾಡಿಕೊಂಡಳು. ನಾನು ಆಗ ಬಳ್ಳಾರಿಯಲ್ಲಿ ತಂಗಿಯ ಮನೆಯಲ್ಲಿದ್ದೆ. ಮುಂದಿನದನ್ನೆಲ್ಲ ಭುವನಾ ಹೇಳಿದಂತೆ ಹೇಳುತ್ತಿದ್ದೇನೆ.

ಉರುಕುಂದಮ್ಮ ಒಂದು ಕ್ಷಣವೂ ತಡ ಮಾಡಲಿಲ್ಲ. ಯಾರೋ ಅರಿಶಿನ ಹಚ್ಚು ಎಂದರು, ಯಾರೋ ಅಂತ್ರ ಕಟ್ಟಿಸು ಎಂದರು. ಅವರನ್ನೆಲ್ಲ ಬೈದು, ಆಟೋ ಮಾಡಿಕೊಂಡು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಆದೋನಿಯ ಒಂದು ನರ್ಸಿಂಗ್ ಹೋಮಿಗೆ ಹೋದಳು. ಭುವನಾ ಅಲ್ಲಿಗೇ ಓಡಿಬಂದಳು. ಸುಂಕೇಶ ಲಾರಿ ತೆಗೆದುಕೊಂಡು ಗುಂಟೂರಿಗೆ ಹೋಗಿದ್ದ. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿಯೇ ಆಯಿತು.

ಡಾಕ್ಟರು ಉದಯಕುಮಾರ್ ಎಂದು, ನಂದ್ಯಾಲ ಕಡೆಯ ಹುಡುಗ. ಆಗ ಅವರಿಗೆ ತೆಲುಗು ಬಿಟ್ಟರೆ ಇಂಗ್ಲಿಷ್ ಬರುತ್ತಿತ್ತು. ಕೂಸಿನ ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಕಿವಿಯ ಮೇಲಿನ ಬಾವು ಮುಟ್ಟಿ, ತಲೆಯ ಸ್ಕ್ಯಾನ್ ಆಗಲೇಬೇಕು ಎಂದರು. ಅಷ್ಟಕ್ಕೇ ಬಿಡಲಿಲ್ಲ. ಸ್ಕ್ಯಾನಿನಲ್ಲಿ ಸ್ವಲ್ಪ ರೇಡಿಯೇಷನ್ ಇರುತ್ತದೆ, ಮಕ್ಕಳ ಮೈ ಎಳೆಯದು, ಅದಕ್ಕೇ ಸಣ್ಣಪುಟ್ಟ ಪೆಟ್ಟಿಗೆಲ್ಲ ನಾನು ಬರೆಯುವುದಿಲ್ಲ, ಎಂದೋ ಒಂದು ದಿನ ಅದರಿಂದ ತೊಂದರೆ ಆಗುವ ಸಾಧ್ಯತೆ ತೀರಾ ಕಡಿಮೆ, ಆದರೆ ಈ ಕೂಸಿಗೆ ಎಚ್ಚರ ತಪ್ಪಿದೆ, ವಾಂತಿ ಆಗಿದೆ, ಒಳಗೆ ರಕ್ತ ಸೋರುತ್ತಿದ್ದರೆ ನೋಡದೆ ಬಿಡುವುದೇ ದೊಡ್ಡ ಅಪಾಯ ಎಂದರು. ಭುವನಾಗೆ ಪೂರ್ತಿ ನೆನಪಿದೆ. ಒಂದೊಂದು ಮಾತನ್ನೂ ಅವಳು ನನಗೆ ಎಷ್ಟು ಸಲ ಹೇಳಿದ್ದಾಳೋ.

ಉರುಕುಂದಮ್ಮನಿಗೆ ಸಂತೆಯ ತೆಲುಗು ನೀರು ಕುಡಿದಂತೆ ಬರುತ್ತಿತ್ತು. ಆದರೆ ರೇಡಿಯೇಷನ್ ಎಂಬುದು ಯಾವ ಸಂತೆಯಲ್ಲೂ ಮಾರುವ ಸಾಮಾನಲ್ಲ. “ಅಂಟೇ ಏಮಿ ಸಾರ್?” ಹಾಗಂದರೆ ಏನು ಎಂದು ಕೇಳಿದಳು. ಡಾಕ್ಟರು ಮಾತು ಹುಡುಕುವುದರೊಳಗೆ ಪಕ್ಕದಲ್ಲಿದ್ದ ಕಾಂಪೌಂಡರ್ ಆಂಜಿನಪ್ಪ, ನಮ್ಮ ಕಡೆಯವನೇ, ಕನ್ನಡದಲ್ಲಿ ಬಿಡಿಸಿ ಹೇಳಿದ: “ರೇಡಿಯೇಷನ್ ಅಂದ್ರ ಕರೆಂಟಮ್ಮ. ಕೂಸಿನ ತಲೀಗೆ ಒಂಚೂರು ಕರೆಂಟ್ ಬೀಳತೈತಿ, ಹೆದರಬ್ಯಾಡ.”

ದೇವರು ವರ ಕೊಟ್ಟರೂ ಪೂಜಾರಿ ಕೊಡುವುದಿಲ್ಲ ಅನ್ನುತ್ತಾರೆ. ಪಾಪ, ಆಂಜಿನಪ್ಪ ಕೊಡಬೇಕೆಂದೇ ಹೇಳಿದ್ದು. ಅವನ ಹತ್ತಿರ ಇದ್ದ ಮಾತು ಅದೊಂದೇ.

“ಏನಂದಿ? ಗಂಗಿ ತಲೀಗೆ ಕರೆಂಟ್ ಇಡ್ತೀರಾ?” ಎಂದು ಉರುಕುಂದಮ್ಮ ಎದ್ದು ನಿಂತಳು. ಡಾಕ್ಟರು ತೆಲುಗಿನಲ್ಲಿ ಏನೇನೋ ಹೇಳಿದರು. ಅವಳ ಕಿವಿ ಅಲ್ಲಿರಲಿಲ್ಲ, ಅಕ್ಕನ ಹಾಸಿಗೆಯ ಹತ್ತಿರ ಇತ್ತು. ಅದೇ ಹೊತ್ತಿಗೆ, ಹಣೆಬರಹ ನೋಡಿ, ಗಂಗಿ ಎದ್ದು ಕುಳಿತು, “ಅಜ್ಜಿ, ಹಸಿವಾಗೈತಿ, ವಗ್ಗಾಣಿ ಕೊಡಿಸು” ಎಂದಳು. ತಲೆಯ ಪೆಟ್ಟಿನಲ್ಲಿ ಹೀಗೂ ಆಗುತ್ತದಂತೆ. ಒಳಗೆ ಸೋರುತ್ತಿದ್ದರೂ ನಡುವೆ ಸ್ವಲ್ಪ ಹೊತ್ತು ಎಲ್ಲವೂ ಸರಿ ಇದೆ ಎಂದು ಕಾಣುತ್ತದಂತೆ. ಡಾಕ್ಟರು ಅದನ್ನೂ ಹೇಳಿದರು, ಸಂಜೆವರೆಗೆ ಇಲ್ಲೇ ಇರಲಿ, ಕಣ್ಣಿಟ್ಟು ನೋಡುತ್ತೇವೆ ಎಂದರು. “ನಾ ಅತ್ತಾಗ ಹೊಳ್ಳಿದ್ರ ಸಾಕು, ಇವರು ಇತ್ತಾಗ ಕರೆಂಟ್ ಇಡ್ತಾರ” ಎಂದು ಉರುಕುಂದಮ್ಮ ಕೂಸನ್ನು ಎತ್ತಿಕೊಂಡಳು. ಮಗಳ ಕಡೆ ತಿರುಗಿ, “ಭುವನಾ, ನಿನ್ನ ಮೈಗೆ ಕಬ್ಬಿಣ ತಾಗಗೊಟ್ಟಿಲ್ಲ ನಾನು. ಈಗ ಇದರ ತಲೀ ಸುಡಾಕ ಬಿಡ್ಲೇನು?” ಎಂದು ಕೇಳಿದಳು.

ಭುವನಾ ಹತ್ತನೇ ಕ್ಲಾಸು ಓದಿದವಳು. ಡಾಕ್ಟರ ಮಾತು ಅವಳಿಗೆ ಅರ್ಥವಾಗಿತ್ತು. ಆದರೆ ಅವಳೂ ದೊಡ್ಡವ್ವನ ಹೊಟ್ಟೆ ನೋಡಿದವಳು. ಕಣ್ಣೆದುರು ಮಗಳು ವಗ್ಗಾಣಿ ಕೇಳುತ್ತಿದ್ದಾಳೆ. ತನ್ನನ್ನು ಉಳಿಸಿಕೊಂಡ ತಾಯಿ ಕೂಸನ್ನು ಎದೆಗೊತ್ತಿಕೊಂಡು ನಿಂತಿದ್ದಾಳೆ. ತೂಗಿ ನೋಡಿದಳು, ತಕ್ಕಡಿ ತಾಯಿಯ ಕಡೆ ಬಾಗಿತು. ಮೂವರೂ ಹೊರಗೆ ಬಂದರು.

ಭುವನಾಳ ಮನೆಯಲ್ಲಿ ಗಂಗಿ ನಾಲ್ಕು ತುತ್ತು ಮಂಡಕ್ಕಿ ವಗ್ಗಾಣಿ ತಿಂದಳು, ತಲೆ ನೋಯುತ್ತಿದೆ ಎಂದಳು, ಅಜ್ಜಿಯ ತೊಡೆಯ ಮೇಲೆ ಮಲಗಿದಳು. “ಮಲಗಲಿ ಬಿಡು, ದಣಿದೈತಿ” ಎಂದು ಉರುಕುಂದಮ್ಮ ಸೆರಗಿನಿಂದ ಗಾಳಿ ಹಾಕುತ್ತ ಕುಳಿತಳು. ಇಳಿಹೊತ್ತಿಗೆ ಕೂಸು ಗೊರಕೆ ಹೊಡೆಯತೊಡಗಿತು. ಎಬ್ಬಿಸಿದರೆ ಏಳಲಿಲ್ಲ. ಭುವನಾ ರೆಪ್ಪೆ ಎತ್ತಿ ನೋಡಿದಳು, ಒಂದು ಕಣ್ಣಿನ ಬೊಂಬೆ ಅಗಲವಾಗಿ ಹಾಗೇ ನಿಂತಿತ್ತು. ಮತ್ತೆ ಅದೇ ಡಾಕ್ಟರ ಹತ್ತಿರ ಓಡಿದರು. ಅವರು ಆಂಬುಲೆನ್ಸ್ ಮಾಡಿಸಿ, ತಾವೇ ಹತ್ತಿ ಕುಳಿತು ಕರ್ನೂಲಿಗೆ ಹೊರಟರು. ಎಮ್ಮಿಗನೂರು ದಾಟಿತ್ತೋ ಇಲ್ಲವೋ, ಡಾಕ್ಟರು ಕೂಸಿನ ನಾಡಿಯ ಮೇಲಿಂದ ಕೈ ತೆಗೆದರು. ಗಾಡಿ ತಿರುಗಿತು.

ಸುದ್ದಿ ಕೇಳಿ ಬಂದವಳು ನಾನು ಮೊದಲು ಹೋದದ್ದು ಡಾಕ್ಟರ ಹತ್ತಿರ, ಜಗಳಕ್ಕೆ. “ಆ ಹಾಳು ಮಾತು ನೀವು ಯಾಕೆ ಎತ್ತಬೇಕಿತ್ತು? ಫೋಟೋ ತೆಗೀತೀವಿ ಅಂದಿದ್ದರೆ ಆಗುತ್ತಿರಲಿಲ್ಲವೇ?” ಎಂದು ತೆಲುಗಿನಲ್ಲೇ ಕೂಗಾಡಿದೆ. ಆ ಹುಡುಗ ತಲೆ ತಗ್ಗಿಸಿ ಕುಳಿತಿದ್ದ. “ಅಮ್ಮಾ, ಅವರ ಕೂಸು ಅದು. ಇದ್ದದ್ದನ್ನು ಹೇಳದೆ ಹೇಗೆ ಮಾಡಲಿ?” ಎಂದ. ಆಮೇಲೆ, “ಸ್ಕ್ಯಾನ್ ಬೇಡದವರೇ ಬಂದು ಮಾಡಿ ಎಂದು ಕೇಳುತ್ತಾರಮ್ಮ, ಅವರಿಗೆ ಬೇಡ ಅಂತ ಹೇಳಿ ಹೇಳಿ ಸಾಕಾಗುತ್ತದೆ. ಬೇಕಾದ ಕೂಸು ಕೈತಪ್ಪಿ ಹೋಯಿತು” ಎಂದು ಅತ್ತುಬಿಟ್ಟ. ಜಗಳಕ್ಕೆ ಹೋದವಳು ಅವನಿಗೇ ನೀರು ಕೊಟ್ಟು ಬಂದೆ.

ಬೇಡದವರು ಕೇಳುತ್ತಾರೆ ಎಂದನಲ್ಲ, ಅದು ನಮ್ಮ ಮನೆಯ ಮಾತೇ. ನನ್ನ ಮೈದುನ ಸೋಮಶೇಖರಪ್ಪನಿಗೆ ಬೇರೆ ಚಾಳಿಯಿಲ್ಲ, ಸ್ಕ್ಯಾನ್ ಒಂದೇ ಚಾಳಿ. ತಲೆ ಭಾರ ಎಂದರೆ ಸ್ಕ್ಯಾನ್, ತೇಗು ಬಂದರೆ ಸ್ಕ್ಯಾನ್. ಆದೋನಿಯಲ್ಲಿ ಬೇಡ ಎಂದರೆ ಬಳ್ಳಾರಿಗೆ ಹೋಗಿ ಮಾಡಿಸಿಕೊಂಡು ಬರುತ್ತಾನೆ. ಆ ಕಪ್ಪು ಫಿಲ್ಮುಗಳನ್ನು ಮದುವೆ ಮನೆಯಲ್ಲಿ ಆಲ್ಬಮ್ಮಿನ ಹಾಗೆ ಬಿಚ್ಚಿ ತೋರಿಸುತ್ತಾನೆ. ಒಳಗೆ ಏನೂ ಇಲ್ಲ ಎಂದು ಡಾಕ್ಟರು ಬರೆದುಕೊಟ್ಟರೆ ನಾವು ಮೊದಲೇ ಹೇಳಿರಲಿಲ್ಲವೇ ಎಂದು ನಗುತ್ತಿದ್ದೆವು. ಗಂಗಿ ಹೋದ ಮೇಲೆ ಅವನು ಫಿಲ್ಮು ಬಿಚ್ಚಿದರೆ ನಾನು ಎದ್ದು ಒಳಗೆ ಹೋಗುತ್ತೇನೆ. ಒಂದು, ಒಂದೇ ಒಂದು, ಆ ಕೂಸಿಗೆ ಆಗಿದ್ದರೆ ಸಾಕಿತ್ತು.

ಉರುಕುಂದಮ್ಮನ ಬಾಯಿ ನಿಂತಿತು. ಗೋಡೆಯ ಹತ್ತಿರ ಬಂದರೂ ಬಟ್ಟಲು ಇಟ್ಟು ಹೋಗುತ್ತಿದ್ದಳು. ಬಹಳ ದಿನದ ಮೇಲೆ ಒಂದು ಸಂಜೆ ತಾನಾಗಿಯೇ, “ಹೇಮಕ್ಕಾ, ದೇವರು ಒಯ್ಯೋದು ಒಯ್ದ. ಆದ್ರ ಸುಡದಂಗ ಹೋತು ನನ್ನ ಕೂಸು. ತಲೀಮ್ಯಾಲಿನ ಒಂದು ಕೂದಲಾ ಕಂದದಂಗ ನನ್ನ ತೊಡಿಮ್ಯಾಲೆ ಮಲಗಿ ಹೋತು. ನಮ್ಮಕ್ಕನಂಗ ಹೋಗಲಿಲ್ಲ” ಎಂದಳು. ನನ್ನ ನಾಲಿಗೆಯೂ ಸುಮ್ಮನಿರುವ ಜಾತಿಯದಲ್ಲ. ಆದರೆ ಆವತ್ತು ಹಲ್ಲು ಕಚ್ಚಿ ಹಿಡಿದೆ. ಅವಳಿಗೆ ಉಳಿದಿದ್ದ ಸಮಾಧಾನ ಅದೊಂದೇ. ಅದರ ಮೇಲೆಯೇ ಬೆಳಿಗ್ಗೆ ಎದ್ದು ಮುಖ ತೊಳೆಯುತ್ತಿದ್ದಳು, ರೊಟ್ಟಿ ತಟ್ಟುತ್ತಿದ್ದಳು.

ಭುವನಾಗೆ ನಿಜ ಗೊತ್ತಿತ್ತು. ದೊಡ್ಡವ್ವನ ಗಡ್ಡೆ ಸುಟ್ಟ ಕರೆಂಟ್ ಬೇರೆ, ಫೋಟೋ ತೆಗೆಯುವ ಈ ಕಿರಣ ಬೇರೆ, ಇದು ಸುಡುವುದಿಲ್ಲ, ನೋಯುವುದೂ ಇಲ್ಲ ಎಂದು ಡಾಕ್ಟರು ಆಮೇಲೆ ಅವಳಿಗೆ ಬಿಡಿಸಿ ಹೇಳಿದ್ದರು. ಅವಳು ತಾಯಿಗೆ ಹೇಳಲಿಲ್ಲ. ತಾಯಿಯ ಜೊತೆ ಬೇರೆ ಮಾತನ್ನೂ ಆಡಲಿಲ್ಲ. ಹಬ್ಬಕ್ಕೆ ಬರುತ್ತಿದ್ದಳು, ಕಸ ಗುಡಿಸಿ ಅಡುಗೆ ಮಾಡಿಟ್ಟು ಹೋಗುತ್ತಿದ್ದಳು. “ಏನು ಮಾತಾಡಲಿ ಹೇಮಕ್ಕಾ? ಬಾಯಿ ತೆಗೆದ್ರ ಅದ ಬರ್ತೈತಿ. ಆಕಿ ಎತ್ತಿಕೊಂಡು ನಡದ್ಲು, ಹೌದು. ಹಿಂದ ನಡದಾಕಿ ನಾನ ಅಲ್ಲೇನು?” ಎನ್ನುತ್ತಿದ್ದಳು.

ಹೀಗೇ ವರ್ಷಗಳು ಕಳೆದವು. ಹೋದ ಚಳಿಗಾಲದಲ್ಲಿ ಉರುಕುಂದಮ್ಮನ ಎಡಗೈ ಸೋತಿತು. ಹಾಲಿನ ಚೆಂಬು ಹಿಡಿದರೆ ಜಾರುತ್ತಿತ್ತು, ಮಾತು ತೊದಲುತ್ತಿತ್ತು. ಭುವನಾ ಬಂದು ನನ್ನನ್ನೂ ಜೊತೆಗೆ ಕರೆದುಕೊಂಡು ಅದೇ ನರ್ಸಿಂಗ್ ಹೋಮಿಗೆ ಹೊರಟಳು. ಉದಯಕುಮಾರ್ ಡಾಕ್ಟರು ಅಷ್ಟು ಹೊತ್ತಿಗೆ ಕನ್ನಡ ಕಲಿತಿದ್ದರು. ಕಾಂಪೌಂಡರನ್ನು ನಡುವೆ ಬಿಡದೆ ತಾವೇ ಹರಕು ಮುರಕು ಮಾತಾಡುತ್ತಿದ್ದರು. ನೋಡಿದವರೇ ತಲೆಯ ಸ್ಕ್ಯಾನ್ ಬೇಕು ಎಂದರು.

ಭುವನಾ ನನ್ನನ್ನು ಮೆಟ್ಟಿಲ ಹತ್ತಿರ ಎಳೆದುಕೊಂಡು ಹೋದಳು. “ಬ್ಯಾಡ ಹೇಮಕ್ಕಾ. ಒಳಗ ಹೋದ್ರ ಇದು ಸುಡೂದಿಲ್ಲಂತ ಅವ್ವಗ ಗೊತ್ತಾಗ್ತೈತಿ.”

“ಸ್ಕ್ಯಾನ್ ಇಲ್ಲದಿದ್ರ ಏನಂತಾರ?” ಎಂದೆ.

“ಒಳಗ ರಕ್ತ ಸೋರಿದ್ರ ಒಂದು ಔಷಧಿ, ನರ ಕಟ್ಟಿದ್ರ ಇನ್ನೊಂದಂತ. ನೋಡದಂಗ ಕೊಟ್ರ ಜೀವಕ್ಕ ಅಪಾಯ ಅಂತಾರ.” ಗೋಡೆಗೆ ಹಣೆ ಒತ್ತಿಕೊಂಡು ನಿಂತಳು. “ನೋಡದಿದ್ರ ಅವ್ವ ಹೋಗ್ತಾಳ. ನೋಡಿದ್ರ ಆಕಿ ಕೂಸು ಇನ್ನೊಮ್ಮೆ ಹೋಗ್ತೈತಿ. ಯಾವುದು ಮಾಡ್ಲಿ?”

ಅತ್ತ ದರಿ, ಇತ್ತ ಪುಲಿ. ಅವಳೇ ಮುಖ ಒರೆಸಿಕೊಂಡು ಒಳಗೆ ಹೋಗಿ, “ಮಾಡ್ರಿ ಸಾರ್. ಆದ್ರ ಅವ್ವಗ ಅದರ ಬಗ್ಗೆ ಏನೂ ಹೇಳಬ್ಯಾಡ್ರಿ” ಎಂದಳು. ಎಲ್ಲವನ್ನೂ ಬಿಡಿಸಿ ಹೇಳುವ ಆ ಡಾಕ್ಟರು ಅವಳ ಮುಖ ನೋಡಿ, ಸರಿ ಎಂದು ತಲೆಯಾಡಿಸಿದರು.

ಉರುಕುಂದಮ್ಮ ತಕರಾರು ಮಾಡಲಿಲ್ಲ. ನಮಗೆ ಅದೇ ಆಶ್ಚರ್ಯ. ಕಿವಿಯ ಬೆಂಡೋಲೆ ಬಿಚ್ಚಿ ಮಗಳ ಕೈಗೆ ಕೊಟ್ಟಳು. ತೊದಲುತ್ತ ನನಗೆ ಹೇಳಿದಳು: “ಇಟ್ಕೊಳ್ಳಲಿ ಹೇಮಕ್ಕಾ, ಎಷ್ಟು ಕರೆಂಟ್ ಇಡ್ತಾರೋ ಇಟ್ಕೊಳ್ಳಲಿ. ನನ್ನ ಸುಟ್ರ ಸುಡಲಿ. ಮುಖ ಕರ್ರಗಾದ್ರ ಮಾತ್ರ ಊರಿಗೆ ಒಯ್ಯಬ್ಯಾಡ್ರಿ, ಮಂದಿ ನೋಡಿ ಅಂಜ್ತಾರ.” ಸುಡಿಸಿಕೊಳ್ಳುವುದಕ್ಕೆಂದೇ ಬಂದಿದ್ದಳು ಅವಳು. ಹರಕೆ ತೀರಿಸುವವರ ಹಾಗೆ ಆ ಕೋಣೆಗೆ ನಡೆದಳು. ಸ್ಕ್ಯಾನಿನ ಹುಡುಗ ದಸ್ತಗಿರಿ ಅವಳನ್ನು ಹಲಗೆಯ ಮೇಲೆ ಮಲಗಿಸಿ ಬಾಗಿಲು ಹಾಕಿದ. ಮಿಷನ್ ಗುಂಯ್ ಎಂದಿತು, ನಿಂತಿತು. ನಾನು ಬಾಟಲಿ ಮುಚ್ಚಳ ತೆಗೆದು ನೀರು ಕುಡಿಯುವುದರೊಳಗೆ ಬಾಗಿಲು ತೆರೆಯಿತು. ನಾವಿಬ್ಬರೂ ಒಳಗೆ ಹೋದೆವು.

“ಏಳಮ್ಮ, ಆಯ್ತು” ಎಂದ ದಸ್ತಗಿರಿ.

ಅವಳು ಕಣ್ಣು ಬಿಗಿಯಾಗಿ ಮುಚ್ಚಿಕೊಂಡೇ ಇದ್ದಳು. “ಇಡಪ್ಪ. ತಡ್ಕೋತೀನಿ.”

“ಏನಿಡೋದು? ಎಲ್ಲಾ ಮುಗೀತು. ಫೋಟೋ ಬಂತು.”

ಉರುಕುಂದಮ್ಮ ಕಣ್ಣು ತೆರೆದಳು. ಬಲಗೈ ಎತ್ತಿ ತಲೆ ಮುಟ್ಟಿಕೊಂಡಳು, ಹಣೆ, ಕಿವಿಯ ಮೇಲೆ, ಹಿಂದೆ. ಕೈಯನ್ನು ಮೂಗಿನ ಹತ್ತಿರ ತಂದು ಸುಟ್ಟ ವಾಸನೆ ಇದೆಯೇ ಎಂದು ನೋಡಿದಳು. ಆಮೇಲೆ ತಲೆ ತಿರುಗಿಸಿ ಮಗಳನ್ನು ಕೇಳಿದಳು.

“ಗಂಗಿಗೂ ಇಷ್ಟೇ ಮಾಡ್ತಿದ್ರೇನ?”

ಭುವನಾ ಸುಳ್ಳು ಹೇಳುತ್ತಾಳೆ ಎಂದುಕೊಂಡೆ. ನಾನಾಗಿದ್ದರೆ ಹೇಳುತ್ತಿದ್ದೆ. ಅವಳು ತಾಯಿಯ ಸೋತ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. “ಹೂನವ್ವ. ಇಷ್ಟೇ” ಎಂದಳು.

ಉರುಕುಂದಮ್ಮ ಅಳಲಿಲ್ಲ. ಅವಳನ್ನು ಎಬ್ಬಿಸಿ ಕೂಡಿಸಲು ನಮಗಿಬ್ಬರಿಗೂ ಕಷ್ಟವಾಯಿತು, ಮೈಯಲ್ಲಿ ಎಲುಬೇ ಇಲ್ಲದವರ ಹಾಗೆ ಜೋಲುತ್ತಿದ್ದಳು. ಗಾಲಿಕುರ್ಚಿಯಲ್ಲಿ ಡಾಕ್ಟರ ಕೋಣೆಗೆ ತಂದೆವು. ಅವರು ಕಂಪ್ಯೂಟರಿನಲ್ಲಿ ಫೋಟೋ ನೋಡಿ, ಮುಖ ಅರಳಿಸಿಕೊಂಡು ತಿರುಗಿದರು. ರಕ್ತ ಸೋರಿಲ್ಲ, ಸಣ್ಣ ನರ ಒಂದು ಕಟ್ಟಿದೆ, ಗುಳಿಗೆ ಸಾಕು, ಕೈಯೂ ಬರುತ್ತದೆ ಎಂದರು. ಆಮೇಲೆ ಅವಳ ಹತ್ತಿರ ಬಗ್ಗಿ, ಕಷ್ಟಪಟ್ಟು ಕಲಿತ ಕನ್ನಡದಲ್ಲಿ, “ಭಯ ಇಲ್ಲಮ್ಮ. ನೀನು ಇನ್ನೂ ಬಾಳ ವರ್ಷ ಬದುಕ್ತಿ” ಎಂದರು.

ಉರುಕುಂದಮ್ಮ ಗಂಗಿ ಮಲಗಿದ್ದ ತೊಡೆಯನ್ನು ಬಲಗೈಯಿಂದ ಸವರಿದಳು.

“ಬಾಳ ವರ್ಷ ಏನ್ರಿ?” ಎಂದು ಕೇಳಿದಳು.